ಹಿಂಬಾಗಿಲ ಮೆಟ್ಟಿಲ ಮೇಲಿನ ಬೆಂಡಿನ ಪುಡಿ

ಅಣ್ಣನನ್ನು ಕೆರೆಯಿಂದ ಎತ್ತಿದಾಗ ಅವನ ಮೈಮೇಲೆ ಅಂಗಿಯಿತ್ತು, ಕೈಯಲ್ಲಿ ಗಡಿಯಾರವಿತ್ತು. ತೇಲುಜಾಕೆಟ್ ಇರಲಿಲ್ಲ.

ನಾನು ಗೇಣುದ್ದದ ಬಾಸ್ ಮೀನನ್ನು ಬಸ್ಸಿನಷ್ಟುದ್ದ ಮಾಡಿ ಹೇಳುವವನು. ನನ್ನ ಬಾಯಿಗೆ ಹೆದರಿ ಮೂರು ಕೆರೆಗಳ ಮೀನುಗಳು ತಾವಾಗಿಯೇ ದಪ್ಪಗಾಗುತ್ತವೆ. ಆದರೆ ಮೇಲಿನ ಎರಡು ಸಾಲನ್ನು ಒಂಬತ್ತು ದಿನದಿಂದ ಹಿಗ್ಗಿಸಲು ನೋಡುತ್ತಿದ್ದೇನೆ. ಒಂದಿಂಚೂ ಹಿಗ್ಗುವುದಿಲ್ಲ.

ಮಗುಚಿದ ಕಯಾಕನ್ನು ಬೆಳಿಗ್ಗೆ ಹತ್ತಕ್ಕೆ ಕಂಡವನು ದೋಣಿಮನೆಯವನು. ದಡದ ಶೆಡ್ಡಿನಲ್ಲಿ ಕೂತು ಹುಟ್ಟು ಹಾಕುವ ಆ ಸಣ್ಣ ದೋಣಿಗಳನ್ನು ನೋಡಿಕೊಳ್ಳುವವನು, ಅಣ್ಣನ ಶಾಲೆಯ ಗೆಳೆಯ. ಒಬ್ಬನೇ ಹೋಗಿ ಅಣ್ಣನನ್ನು ದಡಕ್ಕೆ ತಂದವನೂ ಅವನೇ. ಗಾಳ ನೀರೊಳಗಿನ ಬೊಡ್ಡೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ವಾಲಿದ್ದಾನೆ, ದೋಣಿ ಮಗುಚಿದೆ — ಪೊಲೀಸರು ಹಾಗೇ ಬರೆದುಕೊಂಡು ಹೋದರು.

ಅತ್ತಿಗೆ ಅಳಲಿಲ್ಲ. ಅವಳದು ಬೇಕರಿಯಲ್ಲಿ ಮುಂಜಾವಿನ ಪಾಳಿ. ಅಂದು ಅಣ್ಣ ಏಳುವ ಮೊದಲೇ ಹೊರಟಿದ್ದಳು. ಈಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಂದೇ ಟವೆಲ್ಲನ್ನು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಜಾಕೆಟ್ ಇಲ್ದೆ ನೀರಿಗೆ ಇಳಿಯಲ್ಲ ಅಂತ ನನ್ನ ಕೈ ಹಿಡಿದು ಹೇಳಿದ್ರು. ಸುಳ್ಳು ಹೇಳಿದ್ರಾ?"

ಯಾರಿಗೆ ಗೊತ್ತು? ನಾನು ಸೋದರತ್ತೆಗೆ ಫೋನ್ ಮಾಡಿದೆ.

ಸೋದರತ್ತೆ ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು. ನಲವತ್ತು ಕೋಟಿ ಸುಳ್ಳುಗಳು ಅವಳ ಬೆರಳ ತುದಿಯಿಂದ ಹಾದುಹೋಗಿವೆ. ಅದರಲ್ಲಿ ಮೂವತ್ತೊಂಬತ್ತು ಕೋಟಿ ನಾನು ಸೇರಿಸಿದ್ದು.

ಅವಳು ಹಿಂಬಾಗಿಲಿನಿಂದ ಬಂದಳು. ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಏ ಬಡಾಯಿ, ಏನೋ ಇದು ಕಂದು ಪುಡಿ?"

"ಬೆಂಡು. ಗಾಳದ ಕೋಲಿನ ಹಿಡಿ ಬೆಂಡಿಂದು ಇರುತ್ತೆ."

ಪುಡಿಯ ಪಕ್ಕದಲ್ಲೇ ನಾಲ್ಕು ಬೆರಳುದ್ದದ ತುಂಡು ಬಿದ್ದಿತ್ತು. ಗರಗಸದಿಂದ ನೇರವಾಗಿ ಕೊಯ್ದ ಹಿಡಿಯ ಬುಡ.

"ಗುಡಿಸೋಕೆ ಆಗಿಲ್ಲ ಅತ್ತೆ, ಅವತ್ತಿಂದ" ಎಂದಳು ಅತ್ತಿಗೆ ಒಳಗಿನಿಂದ.

"ಯಾವಾಗ ಕೊಯ್ದ?"

"ಹಿಂದಿನ ಸಂಜೆ ಹೊಸ ಕೋಲಿನ ಪಾರ್ಸೆಲ್ ಬಂತು. ಮಲಗೋವಾಗ ಕೋಲು ಪೂರ್ತಿ ಇತ್ತು, ಗೋಡೆಗೆ ಒರಗಿಸಿದ್ರು."

"ಹಾಗಾದ್ರೆ ಅವತ್ತೇ ಬೆಳಿಗ್ಗೆ. ಜಾಕೆಟ್ ಮನೇಲಿತ್ತಾ?"

"ಸ್ಕೂಟರ್ ಡಿಕ್ಕಿಲಿ ಇಡ್ತಿದ್ರು. ಒಮ್ಮೊಮ್ಮೆ ದೋಣಿಮನೇಲಿ. ನಾನು ನೋಡಿಲ್ಲ."

"ಹೊಸ ಕೋಲನ್ನ ಯಾಕೋ ಕೊಯ್ತಾರೆ?" ಅತ್ತೆ ನನ್ನತ್ತ ತಿರುಗಿದಳು.

ಈ ಶತಮಾನದ ಅತಿ ದೊಡ್ಡ ಗಾಳ ಬೀಸುಗಾರನಾದ ನನಗೆ ಉತ್ತರ ಹೊಳೆಯಲಿಲ್ಲ. ನಾನು ದಡದಲ್ಲಿ ನಿಂತು ಬೀಸುವವನು, ದೋಣಿಯಲ್ಲಿ ಕೂತಲ್ಲ.

ದೋಣಿಮನೆಯಲ್ಲಿ ಒದ್ದೆ ಹಗ್ಗದ ವಾಸನೆ. ಗೋಡೆಯ ಮೊಳೆಗಳಿಗೆ ಸಾಲಾಗಿ ಜಾಕೆಟ್‌ಗಳು. ಅಣ್ಣನ ಕೋಲು ಮೂಲೆಯಲ್ಲಿತ್ತು. ದೋಣಿಮನೆಯವನು ಅತ್ತೆಗೆ ಕುರ್ಚಿ ಒರೆಸಿಕೊಟ್ಟ. ಅತ್ತೆ ಕೂರಲಿಲ್ಲ.

"ಅವನ ಜಾಕೆಟ್ ಯಾವುದು?"

"ಆ ಕಿತ್ತಳೆ ಬಣ್ಣದ್ದು. ಅವತ್ತಿಗೆ ಹಿಂದಿನ ಭಾನುವಾರ ಮೊಳೆಗೆ ಹಾಕಿ ಹೋದವನು ಮತ್ತೆ ಮುಟ್ಟೇ ಇಲ್ಲ. ಹಾಕ್ಕೊಳ್ಳೋ ಅಂತ ನೂರು ಸಲ ಹೇಳಿದ್ದೆ."

"ನಾನು ಯಾವುದು ಅಂತ ಮಾತ್ರ ಕೇಳಿದ್ದು" ಎಂದಳು ಅತ್ತೆ. "ಅವತ್ತು ಬೆಳಿಗ್ಗೆ ಅವನನ್ನ ನೋಡಿದ್ರಾ?"

"ಇಲ್ಲ. ನಾನು ಬರೋ ಹೊತ್ತಿಗೆ ನೀರಲ್ಲಿದ್ದ."

"ಜಾಕೆಟ್ ರಿಪೇರಿ ಮಾಡೋದು ಯಾರು?"

"ನಾನೇ. ಅವನದ್ದೂ ಹೋದ ತಿಂಗಳು ಹೊಲಿದು ಕೊಟ್ಟೆ."

ಅತ್ತೆ ಬೇರೊಂದು ಜಾಕೆಟ್ ತೆಗೆದು ನನ್ನ ಕೊರಳಿಗೆ ತೂರಿಸಿ, ನೆಲದ ಮೇಲಿದ್ದ ಕಯಾಕಿನಲ್ಲಿ ಕೂರಿಸಿದಳು. ಕಾಲು ನೀಟ, ಸೊಂಟ ತಿರುಗದು. ಕೈಗೆ ಮನೆಯಿಂದ ತರಿಸಿದ್ದ ನನ್ನದೇ ಕೋಲು ಕೊಟ್ಟಳು. ಹಿಡಿ ಪೂರ್ತಿ ಉದ್ದದ್ದು.

"ಬೀಸು."

ತಲೆಯ ಮೇಲಿಂದ ಬೀಸಿದೆ. ಕೊಕ್ಕೆ ನನ್ನ ಟೋಪಿಗೇ ಸಿಕ್ಕಿತು.

"ಈ ದೊಡ್ಡ ಮೀನಿಗೆ ತೂಕ ಜಾಸ್ತಿ, ಮಿದುಳು ಕಮ್ಮಿ" ಎಂದಳು ಅತ್ತೆ. "ಅವನು ಹೇಗೆ ಬೀಸ್ತಿದ್ದ?"

"ಪಕ್ಕದಿಂದ. ನೀರಿಗೆ ತಾಗೋ ಹಾಗೆ, ಮಣಿಕಟ್ಟಲ್ಲಿ."

ಪಕ್ಕದಿಂದ ಬೀಸಿದೆ. ಟೊಕ್. ಹಿಡಿಯ ಬುಡ ಎದೆಯ ಜಾಕೆಟ್‌ಗೆ ಬಡಿದು ನಿಂತಿತು. ಮತ್ತೆ — ಟೊಕ್. ಐದು ಸಲವೂ ಅದೇ.

"ಈಗ ಅವನ ಕೋಲು."

ಕೊಯ್ದ ಹಿಡಿ ಜಾಕೆಟ್‌ನ ಅಂಚಿನಲ್ಲಿ ನುಣುಚಿ ಹೋಯಿತು. ರಬ್ಬರಿನ ಹುಸಿಮೀನು ಹಾರಿ, ಆಚೆ ತುದಿಯ ಕೆಟಲಿಗೆ ಠಣ್ಣೆಂದು ಹೊಡೆಯಿತು. ನಾನು ಗುರಿಯಿಟ್ಟದ್ದು ಕೆಟಲಿಗೇ ಎಂದು ಬೇರೆ ದಿನವಾಗಿದ್ದರೆ ಹೇಳುತ್ತಿದ್ದೆ.

"ಜಾಕೆಟ್ ಬಿಚ್ಚು. ಈಗ ನಿನ್ನ ಉದ್ದದ್ದನ್ನೇ ಬೀಸು."

ಎಲ್ಲೂ ತಾಗಲಿಲ್ಲ.

ಅತ್ತೆ ದೋಣಿಮನೆಯವನ ಕಡೆ ನೋಡಲಿಲ್ಲ. ಟೈಪ್ ಮಾಡುವಾಗಿನ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು.

"ಜಾಕೆಟ್ ಇಲ್ಲದವನಿಗೆ ಉದ್ದ ಹಿಡಿ ಅಡ್ಡ ಬರಲ್ಲ. ಅವನು ಅವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಜಾಕೆಟ್ ಹಾಕ್ಕೊಂಡು ಕೂತು, ಬೀಸಿ ನೋಡಿ, ತಾಗಿದಷ್ಟನ್ನ ಕೊಯ್ದ. ಪೊಲೀಸರು ಕೋಲು ನೋಡಿದ್ರು, ಗಿಡ್ಡ ಅಂತ ಅಂದ್ಕೊಂಡ್ರು. ಯಾಕೆ ಗಿಡ್ಡ ಅಂತ ಕೇಳಲಿಲ್ಲ."

"ಊಹೆ ಅದು" ಎಂದ ದೋಣಿಮನೆಯವನು.

ಅತ್ತೆ ಕಿತ್ತಳೆ ಜಾಕೆಟ್ ಇಳಿಸಿದಳು. ಎದೆಯ ವೆಲ್ಕ್ರೋ ಪಟ್ಟಿಯನ್ನು ಪರ್ರನೆ ಬಿಡಿಸಿ ನನಗೆ ತೋರಿಸಿದಳು. ಅದರ ಮುಳ್ಳುಗಳ ನಡುವೆ ಕಂದು ಚೂರುಗಳು.

"ಭಾನುವಾರದಿಂದ ಮೊಳೆ ಮೇಲಿದ್ದ ಜಾಕೆಟ್‌ಗೆ, ಆಮೇಲೆ ಬಂದ ಪಾರ್ಸೆಲ್ಲಿನ ಕೋಲಿನ ಬೆಂಡು ಹೇಗೆ ಅಂಟ್ಕೊಳ್ತು?"

ಅತ್ತೆ ಜಾಕೆಟ್‌ನ ಬೆನ್ನನ್ನು ಎರಡೂ ಕೈಯಲ್ಲಿ ಹಿಂಡಿದಳು. ಒಂಬತ್ತು ದಿನವಾದರೂ ಆರದ ಕೆಸರು ಬಣ್ಣದ ನೀರು ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ಇದರೊಳಗೂ ಬೆಂಡು ಇರಬೇಕು, ಬಿಳಿಯದ್ದು, ನೀರು ಕುಡಿಯದಂಥದ್ದು. ಏನು ತುಂಬಿದ್ದೀರಿ?"

"ಸ್ಪಂಜು." ಅವನು ಮೆಲ್ಲಗೆ ಕುರ್ಚಿಯಲ್ಲಿ ಕೂತ. "ಹಳೇ ಸೋಫಾದ್ದು. ಒಳಗಿನ ಬೆಂಡು ಪುಡಿಪುಡಿ ಆಗಿತ್ತು. ಹೊಸದು ಬರೋವರೆಗೆ ಆಕಾರ ಕೆಡದೆ ಇರ್ಲಿ ಅಂತ ತುಂಬಿದೆ. ಆಮೇಲೆ — ಮರ್ತೆ."

"ಅವನಿಗೆ ಹೇಳಿದ್ರಾ?"

"ಮರ್ತೆ ಅಂದ್ನಲ್ಲ."

"ಮೈಮೇಲಿಂದ ಬಿಚ್ಚಿದ್ದು ಮರೆವಲ್ಲ" ಎಂದಳು ಅತ್ತೆ. "ಅದು ನೀವೇ ಮಾಡಿದ್ದು."

"ಕಲ್ಲಿನಷ್ಟು ಭಾರ ಇತ್ತು" ಎಂದ ಅವನು, ತನ್ನ ಅಂಗೈ ನೋಡಿಕೊಳ್ಳುತ್ತ. "ಬಿಚ್ಚಿದ ಮೇಲೇ ಅವನು ತೇಲಿದ್ದು."

ನನಗೆ ಸಿಟ್ಟು ಬರಬೇಕಿತ್ತು. ಕೆಟಲ್ ಎತ್ತಿ ಮೇಜಿನ ಮೇಲಿಟ್ಟೆ. ಅದರ ಹೊಟ್ಟೆ ತಗ್ಗಾಗಿತ್ತು. ಅತ್ತೆ ಪೊಲೀಸರಿಗೆ ಫೋನ್ ಮಾಡಿದಳು.

ಮನೆಯಲ್ಲಿ ಅತ್ತಿಗೆ ಅದೇ ಸ್ಟೂಲಿನ ಮೇಲಿದ್ದಳು. ದಾರಿಯುದ್ದಕ್ಕೂ ದೊಡ್ಡ ಮಾತೊಂದನ್ನು ಹುಡುಕಿದ್ದೆ, ಸಿಕ್ಕಿರಲಿಲ್ಲ.

"ಹಾಕ್ಕೊಂಡಿದ್ದ" ಎಂದೆ.

ಟವೆಲ್ ಮಡಚುವುದು ನಿಂತಿತು.

"ಬಡಾಯಿ ಅಲ್ಲ ತಾನೇ?"

"ಅಲ್ಲ ಅತ್ತಿಗೆ."

ಅವಳು ಎದ್ದು ಪೊರಕೆ ತಂದು, ಒಂಬತ್ತು ದಿನದ ಧೂಳನ್ನು ಅಡುಗೆಮನೆಯಿಂದ ಹಿಂಬಾಗಿಲವರೆಗೆ ಗುಡಿಸಿದಳು. ಮೆಟ್ಟಿಲಿನ ಹತ್ತಿರ ಬಂದು, ಬೆಂಡಿನ ಪುಡಿಯನ್ನು ಮುಟ್ಟದೆ, ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿದಳು.