ಎಡಗಡೆಯ ಮೋಟರು

"ವೈರಿಂಗ್ ಮಾಡೋರು ಎಲ್ಲಿದ್ದಾರೆ?"

ತಲೆಯ ಮೇಲಿಂದ ಬಂದ ಆ ಪ್ರಶ್ನೆಗೆ ಸುಶ್ಮಿತಾ ಕತ್ತೆತ್ತಲಿಲ್ಲ. ಅವಳು ಸಿಮೆಂಟ್ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬಾಯಲ್ಲಿ ಸ್ಕ್ರೂ ಡ್ರೈವರ್, ಒಂದು ಕೈಯಲ್ಲಿ ಮೀಟರ್, ಇನ್ನೊಂದರಲ್ಲಿ ನಾಲ್ಕು ಬಣ್ಣದ ನಾಲ್ಕು ವೈರು. ಇಷ್ಟನ್ನೂ ಕಂಡ ಮೇಲೆ ಒಬ್ಬ ಮನುಷ್ಯ ಹಾಗೆ ಕೇಳುತ್ತಾನೆ ಅಂದರೆ ದೋಷ ಅವನ ಕಣ್ಣಿನಲ್ಲಿಲ್ಲ, ಕಣ್ಣಿನ ಹಿಂದೆ ಇದೆ.

ಸ್ಕ್ರೂ ಡ್ರೈವರ್ ಬಾಯಿಂದ ತೆಗೆದಳು.

"ನೀವು ತುಳೀತಾ ಇರೋ ಕೇಬಲ್ ಬಿಟ್ರೆ ಹೇಳ್ತೀನಿ."

ಅವನು ಬೆಚ್ಚಿ ಕಾಲು ತೆಗೆದ. ಕಿವಿ ಕೆಂಪಗಾಯಿತು. ನಕ್ಕು ಮಾತು ಹಾರಿಸುವ ಗೋಜಿಗೆ ಹೋಗದೆ ಅವಳ ಎದುರು ನೆಲದ ಮೇಲೆ ಕೂತ. ಮೊಬೈಲಿನ ಟಾರ್ಚ್ ಹಚ್ಚಿದ.

"ನಾನು ಏನು ಹಿಡ್ಕೊಳ್ಳಲಿ?"

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಆ ಶೆಡ್ಡಿನಲ್ಲಿ ಮೂರು ವರ್ಷದಿಂದ ದುಡಿಯುತ್ತಿದ್ದ ಸುಶ್ಮಿತಾಳನ್ನು ಯಾವ ಗಂಡಸೂ ಹಾಗೆ ಕೇಳಿರಲಿಲ್ಲ. 'ಕೊಡಿ ಇಲ್ಲಿ' ಎಂದು ಕೈಯಿಂದ ಕಿತ್ತುಕೊಂಡವರೇ ಎಲ್ಲ.

ಅವನ ಹೆಸರು ಚಂದ್ರಹಾಸ. ಭದ್ರಾವತಿಯವನು. ದೇವರಾಜ್ ಅವರ ವರ್ಕ್‌ಶಾಪಿಗೆ ಆ ದಿನ ಸೇರಿದ ಹೊಸ ಟೆಕ್ನಿಷಿಯನ್.

ಮರದ ಬಾಗಿಲ ಮೇಲೆ ಕಂಪ್ಯೂಟರಿನ ಅಪ್ಪಣೆಯಂತೆ ಹೂಬಳ್ಳಿ ಕೊರೆಯುವ ಸಣ್ಣ ಸಿಎನ್‌ಸಿ ಯಂತ್ರಗಳನ್ನು ಅಲ್ಲಿ ಜೋಡಿಸಿ ಮಾರುತ್ತಿದ್ದರು. ಉಳ್ಳವರ ಮಕ್ಕಳು ಹವ್ಯಾಸಕ್ಕೆಂದು ತರಿಸಿಕೊಳ್ಳುವ, ಮೋಟರುಗಳನ್ನು ನಡೆಸುವ ಅಗ್ಗದ ಕಂಟ್ರೋಲರ್ ಬೋರ್ಡಿನಲ್ಲೇ ಇವರ ಹೊಟ್ಟೆಪಾಡು. ಸುಶ್ಮಿತಾ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಶೆಡ್ಡಿನಿಂದ ಹೊರಟ ಪ್ರತಿ ಯಂತ್ರದ ಒಳಗೂ ಅವಳ ಕೈ ಇತ್ತು. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೆದಿದ್ದು 'ಹೆಲ್ಪರ್'. ಯಾರಿಗೆ ಹೆಲ್ಪು? ಆ ಪ್ರಶ್ನೆಗೆ ದೇವರಾಜ್ ಉತ್ತರ ಕೊಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ... ಕೇಳಿದವರು ಮನೆಯಲ್ಲಿ ಕೂತಿದ್ದನ್ನು ನೋಡಿದ್ದಳು.

ಸಂಜೆ ಕೆಲಸ ಬಿಟ್ಟಾಗ ಇಬ್ಬರೂ ಹೆದ್ದಾರಿಗೆ ಬರುತ್ತಿದ್ದರು. ಗೋಪಾಳಕ್ಕೆ ಹೋಗುವ ಅವಳಿಗೆ ಶಿವಮೊಗ್ಗದ ಬಸ್ಸು, ರಸ್ತೆಯ ಈ ಕಡೆ. ಅವನಿಗೆ ಭದ್ರಾವತಿಯದು, ಆ ಕಡೆ. ನಡುವೆ ಲಾರಿಗಳು. ಅವಳ ಬಸ್ಸು ಖಾಲಿಯಾಗಿ ಬಂದರೂ ಅವಳು ಹತ್ತುತ್ತಿರಲಿಲ್ಲ. ಅವನದೂ ಬಂದು ಹೋಗುತ್ತಿತ್ತು. ಯಾಕೆ ಹತ್ತಲಿಲ್ಲ ಎಂದು ಮರುದಿನ ಕೇಳಿದರೆ ಇಬ್ಬರೂ ರಶ್ಶಿನ ಮೇಲೆ ಹಾಕುತ್ತಿದ್ದರು.

ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ಆದರೂ ಅವನು ಎದುರು ಕೂತು ಟಾರ್ಚ್ ಹಿಡಿದಾಗ ಸುಶ್ಮಿತಾಳ ಕೈ ಯಾವತ್ತಿಗಿಂತ ಸ್ಥಿರವಾಗಿರುತ್ತಿತ್ತು. ಎದೆ ಮಾತ್ರ ಹಾಗಿರುತ್ತಿರಲಿಲ್ಲ.

ಆಮೇಲೆ ಹೊಸ ಮೋಟರುಗಳು ಬಂದವು.

ಹಳೆಯ ಮೋಟರಿಗೆ ಕಣ್ಣಿಲ್ಲ. ಬೋರ್ಡು ನೂರು ಹೆಜ್ಜೆ ಹೋಗು ಅನ್ನುತ್ತದೆ. ಮೋಟರು ಎಂಬತ್ತಕ್ಕೇ ಸೋತು ನಿಂತರೂ ಬೋರ್ಡಿಗೆ ತಿಳಿಯದು. ಹೊಸದು ಕ್ಲೋಸ್ಡ್ ಲೂಪ್. ಅದರ ಬೆನ್ನಿಗೆ ಎನ್‌ಕೋಡರ್ ಎಂಬ ಕಣ್ಣಿದೆ. ತಾನು ಎಲ್ಲಿದ್ದೇನೆಂದು ಅದು ತನ್ನ ಡ್ರೈವರ್ ಪೆಟ್ಟಿಗೆಗೆ ಹೇಳುತ್ತಲೇ ಇರುತ್ತದೆ. ಲೆಕ್ಕ ತಪ್ಪಿದರೆ ಡ್ರೈವರು ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ.

ಯಂತ್ರದ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ. ಅದನ್ನು ಎಡಬಲದ ಎರಡು ಮೋಟರು ಒಟ್ಟಿಗೆ ತಳ್ಳಬೇಕು. ಎದುರುಬದುರು ಕೂರಿಸುವುದರಿಂದ ಎಡಗಡೆಯದು ಉಲ್ಟಾ ತಿರುಗಬೇಕು. ಮಾಚೇನಹಳ್ಳಿಯ ಯಾವ ಶೆಡ್ಡಿಗೆ ಹೋದರೂ ಅದಕ್ಕೆ ಒಂದೇ ಮದ್ದು: ಮೋಟರಿನ ಎರಡು ವೈರು ಅದಲುಬದಲು ಮಾಡು. ಸುಶ್ಮಿತಾ ನೂರು ಸಲ ಮಾಡಿದ್ದಳು. ಈ ಸಲವೂ ಮಾಡಿದಳು.

ಅಂದು ಚಂದ್ರಹಾಸ ರಜೆಯಲ್ಲಿದ್ದ. ಕೆಂಪು ದೀಪದ ಸುದ್ದಿಯನ್ನು ಬೋರ್ಡಿಗೆ ಒಯ್ಯುವ ಅಲಾರಂ ವೈರನ್ನೂ ಎಳೆಯಬೇಕು, ಒಂದು ಸಲ ಓಡಿಸಿ ನೋಡಬೇಕು ಎಂದು ಅವಳು ದೇವರಾಜ್‌ಗೆ ಹೇಳಿದಳು. ಅದೆಲ್ಲ ಆಮೇಲೆ, ನಾಳೆ ಬೆಳಿಗ್ಗೆ ಗಿರಾಕಿ ಬರ್ತಾರೆ, ಮೊದಲು ಕವರ್ ಮುಚ್ಚು ಅಂದರು ದೇವರಾಜ್.

ಬೆಳಿಗ್ಗೆ ಗಿರಾಕಿಯ ಎದುರು ಬಟನ್ ಒತ್ತಿದರು. ಎಡಗಡೆಯ ಮೋಟರು ಒಂದೇ ಒಂದು ಸಲ ಒದ್ದುಕೊಂಡು ಸ್ತಬ್ಧವಾಯಿತು. ಬಲಗಡೆಯದಕ್ಕೆ ಅದು ಗೊತ್ತಾಗಲಿಲ್ಲ, ತಳ್ಳುತ್ತಲೇ ಹೋಯಿತು. ತೊಲೆ ಓರೆಯಾಗಿ ಕಚ್ಚಿಕೊಂಡಿತು, ಅದು ಜಾರುವ ಕೆಳಗಿನ ರೈಲು ಕಂಬಿ ಕಿರುಚುತ್ತಾ ಬಾಗಿತು. ದೇವರಾಜ್ ಓಡಿ ಮೇನ್ ಆಫ್ ಮಾಡಿದರು.

"ಯಾರು ಮಾಡಿದ್ದು ಎಡಗಡೆ ವೈರಿಂಗು?"

ಬಾಗಿದ ರೈಲಿನ ಸುತ್ತ ಎಲ್ಲರೂ ಮುತ್ತಿಕೊಂಡಿದ್ದರು. ಸುಶ್ಮಿತಾ 'ನಾನು' ಎನ್ನಲು ಹೊರಟಿದ್ದಳು. ಅಷ್ಟರಲ್ಲಿ, ಕವರು ತೆಗೆದ ವೈರಿಂಗ್ ಪೆಟ್ಟಿಗೆಯ ಹತ್ತಿರ ಬಗ್ಗಿದ್ದ ಚಂದ್ರಹಾಸ ಎದ್ದು ನಿಂತ.

"ನಾನು ಸಾರ್. ಅವರು ಮಾಡಿದ್ದನ್ನ ಬೆಳಿಗ್ಗೆ ಬಂದು ನಾನೇ ಬದಲಾಯಿಸಿದೆ."

ಸುಶ್ಮಿತಾ ಪೆಟ್ಟಿಗೆಯೊಳಗೆ ನೋಡಿದಳು. ನಿಜ. ತಾನು ಅದಲುಬದಲು ಮಾಡಿದ್ದ ಎರಡು ವೈರು ಮತ್ತೆ ನೆಟ್ಟಗೆ ಕೂತಿದ್ದವು.

ಅಂದರೆ... ತನಗೆ ಒಂದು ಮಾತೂ ಹೇಳದೆ, ಹಿಂದಿನಿಂದ ಬಂದು, ತನ್ನ ಕೆಲಸವನ್ನು ಇವನು ತಿದ್ದಿದ್ದ. 'ಏನು ಹಿಡ್ಕೊಳ್ಳಲಿ' ಎಂದು ಕೇಳಿದವನು. ಕಿತ್ತುಕೊಳ್ಳುವವರಾದರೂ ಎದುರಿಗೇ ಕಿತ್ತುಕೊಂಡಿದ್ದರು!

ಮಧ್ಯಾಹ್ನದ ಹೊತ್ತಿಗೆ ಅವನ ಲೆಕ್ಕ ಚುಕ್ತಾ ಆಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಅವಳ ಟೇಬಲ್ಲಿನ ಎದುರು ಬಂದು ನಿಂತ.

"ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ ಮೊದಲನೇ ದಿನವೇ ಹೇಳಬಹುದಿತ್ತು," ಅಂದಳು.

ಅವನು ಚೀಲದ ಪಟ್ಟಿ ಬಿಗಿ ಮಾಡಿಕೊಂಡ. ಹೋದ.

ಯಂತ್ರ ಸರಿಮಾಡಲು ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರು ಬಂದ. ಅವನು ಪೆಟ್ಟಿಗೆ ತೆರೆದಾಗ ನೋಡಲು ನಿಂತ ಸುಶ್ಮಿತಾಳನ್ನು ದೇವರಾಜ್ ಟೀ ತರಲು ಕಳಿಸಿದರು. ಟೀ ತರುವಷ್ಟರಲ್ಲಿ ಕವರು ಮುಚ್ಚಿತ್ತು. ಈ ದೇಶದಲ್ಲಿ ಎಷ್ಟು ಹೆಣ್ಣುಮಕ್ಕಳ ವಿದ್ಯೆ ಹೀಗೆ ಟೀ ಲೋಟದಲ್ಲಿ ಮುಳುಗಿದೆಯೋ, ಲೆಕ್ಕ ಇಟ್ಟವರಿಲ್ಲ.

ಎಂಟು ತಿಂಗಳು.

ಸಂಜೆ ಈಗ ಬಂದ ಮೊದಲ ಬಸ್ಸಿಗೇ ಸುಶ್ಮಿತಾ ಹತ್ತುತ್ತಿದ್ದಳು. ಕಿಟಕಿಯ ಪಕ್ಕ ಕೂತು ರಸ್ತೆಯ ಆ ಕಡೆ ನೋಡಬಾರದು ಎಂದುಕೊಳ್ಳುತ್ತಲೇ ನೋಡುತ್ತಿದ್ದಳು. ಅಲ್ಲಿ ಯಾರ್‍ಯಾರೋ ನಿಂತಿರುತ್ತಿದ್ದರು. ಅವರೆಲ್ಲರೂ ಒಂದು ಕ್ಷಣ ಅವನ ಹಾಗೆ ಕಂಡು, ಮರುಕ್ಷಣ ಅಪರಿಚಿತರಾಗುತ್ತಿದ್ದರು. ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅವನು ಬೇಕಾಗಿದ್ದ. ಎರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಎಂದು ಅವಳಿಗೆ ತಿಳಿಯಲಿಲ್ಲ.

ಪಾಲಿಶ್ ಸೆಕ್ಷನ್ನಿನ ಜಹಾನಾರಾ ಒಬ್ಬಳೇ ಬಾಯಿಬಿಟ್ಟು ಕೇಳಿದ್ದು.

"ನಂಬರ್ ಡಿಲೀಟ್ ಮಾಡಿದ್ಯಾ?"

"ಹೂಂ. ಅವತ್ತೇ."

"ಬಾಯಿಪಾಠ ಇರೋದು ಎಲ್ಲಿ ಡಿಲೀಟ್ ಆಗುತ್ತೆ ಮಾರಾಯ್ತಿ?"

ಹತ್ತು ಅಂಕಿಗಳೂ ಆ ಗಳಿಗೆಯಲ್ಲೇ ಸುಶ್ಮಿತಾಳ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು.

ಎಂಟನೇ ತಿಂಗಳಲ್ಲಿ ಅದೇ ಬಗೆಯ ಮೋಟರಿನ ಎರಡನೇ ಯಂತ್ರದ ಕೆಲಸ ಬಂತು. ಈ ಸಲ ಅವಳು ಹಟ ಹಿಡಿದಳು. ತೊಲೆಗೆ ಜೋಡಿಸುವ ಮೊದಲು ಮೋಟರುಗಳನ್ನು ಟೇಬಲ್ಲಿನ ಮೇಲೆ ಓಡಿಸಿ ನೋಡುತ್ತೇನೆ, ಅಲಾರಂ ವೈರು ಎಳೆಯದೆ ಕವರು ಮುಚ್ಚುವುದಿಲ್ಲ ಅಂದಳು. ಬಲಗಡೆಯ ಮೋಟರು ಬೆಣ್ಣೆಯ ಹಾಗೆ ತಿರುಗಿತು. ಎಡಗಡೆಯದಕ್ಕೆ ಎಂದಿನಂತೆ ಎರಡು ವೈರು ಅದಲುಬದಲು ಮಾಡಿ ಬಟನ್ ಒತ್ತಿದಳು.

ಮೋಟರು ಒಂದು ಸಲ ಒದ್ದುಕೊಂಡಿತು. ಸ್ತಬ್ಧವಾಯಿತು. ಕೆಂಪು ದೀಪ.

ಆ ಒದೆತ ಅವಳಿಗೆ ಗೊತ್ತಿತ್ತು.

ವೈರುಗಳನ್ನು ನೆಟ್ಟಗೆ ಹಾಕಿದಳು. ಮೋಟರು ಸಲೀಸಾಗಿ ತಿರುಗಿತು. ಮತ್ತೆ ಅದಲುಬದಲು ಮಾಡಿದಳು. ಒದೆತ, ಕೆಂಪು ದೀಪ. ಮೂರನೇ ಸಲವೂ ಹಾಗೇ.

ಹೊಸ ಮೋಟರಿಗೆ ಕಣ್ಣಿದೆ. ವೈರು ತಿರುಗಿಸಿದರೆ ಅದು ಒಂದು ಕಡೆ ಹೊರಡುತ್ತದೆ, ಕಣ್ಣು ಇನ್ನೊಂದು ಕಡೆ ಹೇಳುತ್ತದೆ, ಡ್ರೈವರು ಹೆದರಿ ನಿಲ್ಲಿಸುತ್ತದೆ. ದಿಕ್ಕು ಬದಲಾಯಿಸಲು ಡ್ರೈವರಿನ ಮೇಲೇ ಒಂದು ಪುಟ್ಟ ಸ್ವಿಚ್ಚು ಇತ್ತು. ಹಳೆಯ ಮದ್ದೇ ಹೊಸ ಮೋಟರಿಗೆ ವಿಷವಾಗಿತ್ತು.

ಚಂದ್ರಹಾಸ ಬೆಳಿಗ್ಗೆಯೇ ವೈರು ನೆಟ್ಟಗೆ ಮಾಡಿದ್ದರೆ ಅಂದು ಎಡಗಡೆಯ ಮೋಟರು ತೊಲೆಯನ್ನು ಉಲ್ಟಾ ಎಳೆಯಬೇಕಿತ್ತು. ಎಳೆಯಲಿಲ್ಲ. ಒಂದು ಸಲ ಒದ್ದು ನಿಂತಿತು. ಅಂದರೆ ಬಟನ್ ಒತ್ತಿದಾಗ ಒಳಗಿದ್ದದ್ದು ತನ್ನ ವೈರಿಂಗೇ. ಎಲ್ಲರೂ ರೈಲು ನೋಡುತ್ತಿದ್ದಾಗ ಪೆಟ್ಟಿಗೆಯ ಹತ್ತಿರ ಬಗ್ಗಿದ್ದವನು ಅವಳ ತಪ್ಪನ್ನು ಬಿಚ್ಚಿ ನೆಟ್ಟಗೆ ಮಾಡುತ್ತಿದ್ದ.

ಎಂಟು ತಿಂಗಳು ಅವಳು ದ್ವೇಷಿಸಲು ಹೆಣಗಿದ ಮನುಷ್ಯ ಮಾಡಿದ್ದು ಅಷ್ಟೇ.

ಅಳು ಬಂತು. ಅದರ ಬೆನ್ನಿಗೇ ಬಂದದ್ದು ಬೇರೊಂದು. ಅದಕ್ಕೆ ಕೃತಜ್ಞತೆ ಎಂದು ಹೆಸರಿಡಲು ಅವಳಿಗೆ ಮನಸ್ಸಾಗಲಿಲ್ಲ.

ನೇರವಾಗಿ ದೇವರಾಜ್ ಅವರ ಕ್ಯಾಬಿನ್ನಿಗೆ ಹೋದಳು. ಅವತ್ತಿನ ವೈರಿಂಗ್ ತಪ್ಪು ನನ್ನದು, ಅಲಾರಂ ವೈರು ಬೇಡ ಅಂದದ್ದು ನೀವು, ಚಂದ್ರಹಾಸ ಎರಡೂ ಮಾಡಿರಲಿಲ್ಲ ಅಂದಳು. ಕೆಲಸ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ದೇವರಾಜ್ ಕನ್ನಡಕ ತೆಗೆದು, ಹಾಗಾದರೆ ನಿನ್ನನ್ನು ಇಟ್ಟುಕೊಳ್ಳುವುದು ಹೇಗಮ್ಮಾ ಅಂದರು.

"ಹೆಲ್ಪರ್ ಅಂತ ಬರ್ಕೊಂಡು ವೈರಿಂಗ್ ತಪ್ಪಿಗೆ ಹೊರಗೆ ಹಾಕೋಕೆ ಬರಲ್ಲ ಸಾರ್. ಮೊದಲು ವೈರ್‌ಮನ್ ಅಂತ ಬರೀರಿ. ಆಮೇಲೆ ಬೇಕಾದ್ರೆ ಹೊರಗೆ ಹಾಕಿ."

ದೇವರಾಜ್ ಹಾಜರಿ ಪುಸ್ತಕ ತೆರೆದು ಅವಳ ಹೆಸರಿನ ಸಾಲನ್ನು ನೋಡಿದರು. ನಾಳೆ ಬಾ, ಮಾತಾಡೋಣ ಅಂದರು. ಅವರ ದನಿ ತಗ್ಗಿದ್ದನ್ನು ಅವಳು ಮೊದಲ ಸಲ ಕೇಳಿದಳು.

ಅರ್ಧ ದಿನದ ರಜೆ ಬರೆದು ಹೆದ್ದಾರಿ ದಾಟಿದಳು. ಭದ್ರಾವತಿಯ ಬಸ್ಸು ಹತ್ತಿದಳು.

ರಂಗಪ್ಪ ಸರ್ಕಲ್ ಹತ್ತಿರ ಸಮೀವುಲ್ಲಾ ಸಾಹೇಬರ ಮೋಟರ್ ವೈಂಡಿಂಗ್ ಅಂಗಡಿ. ಅವನು ಅಲ್ಲಿದ್ದಾನೆಂದು ಜಹಾನಾರಾ ಎಂದೋ ಹೇಳಿದ್ದಳು, ಕೇಳದಿದ್ದರೂ. ಸುಟ್ಟ ಪಂಪ್‌ಸೆಟ್ಟುಗಳ ರಾಶಿ, ವಾರ್ನಿಶ್ ವಾಸನೆ. ಒಳಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ ಚಂದ್ರಹಾಸ ಅವಳನ್ನು ಕಂಡು ಕೈ ನಿಲ್ಲಿಸಿದ.

ಸಾಹೇಬರು ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಎಂಟು ತಿಂಗಳಿಂದ ಈತ ಸುತ್ತು ಎಣಿಸೋದು ತಪ್ಪಿಸ್ತಾನೇ ಇದ್ದಾನಮ್ಮಾ. ಇವತ್ತಂತೂ ಈ ಕಾಯಿಲ್ ಹೋಯ್ತು ಬಿಡು," ಎನ್ನುತ್ತಾ ಟೋಪಿ ಹಾಕಿಕೊಂಡು ನಮಾಜಿಗೆ ಹೊರಟರು.

ಇಬ್ಬರೇ ಉಳಿದರು. ಅವನು ಸೊರಗಿದ್ದ. ಗಡ್ಡ ಬಿಟ್ಟಿದ್ದ. ಅವಳಿಗೆ ಅಪ್ಪಿಕೊಳ್ಳಬೇಕು ಅನ್ನಿಸಿತು, ಹೊಡೆಯಬೇಕು ಅಂತಲೂ.

"ಇವತ್ತು ಮತ್ತೆ ಅದೇ ವೈರು ಅದಲುಬದಲು ಮಾಡಿದೆ," ಅಂದಳು.

ಅವನ ಮುಖದ ಬಣ್ಣ ಇಳಿಯಿತು. "ಏನಾದ್ರೂ... ಪೆಟ್ಟಾಯ್ತಾ?"

"ಯಾಕೆ ಸುಳ್ಳು ಹೇಳಿದ್ರಿ?"

ಅವನು ತಂತಿಯನ್ನು ಕೆಳಗಿಟ್ಟ. "ನಿಮ್ಮನ್ನ ಕಳಿಸಿಬಿಡ್ತಿದ್ರು. ನನಗಾದ್ರೆ ಇಂಥ ಅಂಗಡಿ ಹತ್ತು ಸಿಗುತ್ತೆ. ಹೆಣ್ಣುಮಗಳು ಒಂದು ತಪ್ಪು ಮಾಡಿದ್ರೆ 'ನೋಡಿದ್ರಾ' ಅಂತ ಎಲ್ಲಾ ಶೆಡ್ಡಿನ ಬಾಗಿಲೂ ಹಾಕ್ತಾರೆ. ನಿಮ್ಮ ಕೈಗೆ ಇನ್ಯಾರು ಸ್ಕ್ರೂ ಡ್ರೈವರ್ ಕೊಡ್ತಿದ್ರು?"

ಅದು ನಿಜ. ನಿಜವಾದ್ದರಿಂದಲೇ ಇನ್ನಷ್ಟು ಉರಿಯಿತು.

"ನನ್ನ ಕೆಲಸ ಉಳಿಸಿದ್ರಿ, ಸರಿ. ನನ್ನ ತಪ್ಪನ್ನ ಯಾಕೆ ಎತ್ಕೊಂಡು ಹೋದ್ರಿ? ಅದು ನನ್ನ ಹತ್ರ ಇದ್ದಿದ್ರೆ ಅವತ್ತೇ ಕಲೀತಿದ್ದೆ. ಎಂಟು ತಿಂಗಳು ನಾನೇ ಸರಿ ಅಂದ್ಕೊಂಡು ನಿಮ್ಮನ್ನ ಶಪಿಸ್ತಾ ಕೂತೆ. ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಸುಮ್ನೆ ಇರ್ತಿದ್ರಾ? ಆ ಗಳಿಗೆಯಲ್ಲೇ ಹೋಗಿ ಒಪ್ಕೋತಿದ್ರಿ."

"ಇವತ್ತು ಒಪ್ಕೊಂಡು ಬಂದೆ."

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ಭಯ ಕರಗಿ, ಅದರ ಜಾಗಕ್ಕೆ ಬಂದ ಗೌರವವನ್ನು ಅವಳು ನೋಡಿದಳು.

"ಅವತ್ತು ಹೇಳಬೇಕಾಗಿದ್ದನ್ನ ಈಗ ಹೇಳಿ," ಅಂದಳು. "ನನ್ನ ಮುಖ ನೋಡಿ."

"ಎಡಗಡೆ ಮೋಟರಿನ ವೈರಿಂಗ್ ತಪ್ಪು, ಸುಶ್ಮಿತಾ. ವೈರು ಮುಟ್ಟಬಾರದು. ಸ್ವಿಚ್ಚಲ್ಲಿ ದಿಕ್ಕು ಬದಲಾಯಿಸಬೇಕು. ಮೋಟರಿನ ಜೊತೆಗೆ ಕೊಟ್ಟಿದ್ದ ಪುಸ್ತಕ ನೀವು ಓದಿಲ್ಲ."

"ಓದಿಲ್ಲ." ಕಣ್ಣೀರಿನ ನಡುವೆ ಅವಳಿಗೆ ನಗು ಬಂತು. "ಹೇಳದೇ ಉಳಿಸಿಕೊಂಡಿದ್ದು ಅದೊಂದೇನಾ?"

ಹೊರಗೆ ಒಂದು ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಅವನು ಅದು ದಾಟಿಹೋಗುವ ತನಕ ಕಾದ.

"ಇಲ್ಲ. ಇನ್ನೊಂದಿದೆ... ನೀವಿಲ್ದೆ ನನಗೆ ಆಗಲ್ಲ. ಅವತ್ತೂ ಆಗ್ತಿರಲಿಲ್ಲ. ಈ ಎಂಟು ತಿಂಗಳಲ್ಲಿ ಒಂದು ದಿನವೂ ಆಗಿಲ್ಲ."

"ಮತ್ತೆ ನನ್ನನ್ನ ಕಾಪಾಡೋಕಾ?"

"ಅಲ್ಲ. ನಿಮ್ಮ ಹತ್ರ ಬೈಸ್ಕೊಳ್ಳೋಕೆ."

ಅವಳು ಬೆಂಚಿನ ಮೇಲೆ ಅವನ ಪಕ್ಕ ಕೂತಳು. ವಾರ್ನಿಶ್ ಅಂಟಿದ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡಳು.

"ಹಾಗಾದ್ರೆ ಇವತ್ತೇ ಶುರು ಮಾಡ್ತೀನಿ. ಎಂಟು ತಿಂಗಳು ಒಂದು ಫೋನ್ ಮಾಡ್ಲಿಲ್ಲ ನೀನು."

"ತಪ್ಪಾಯ್ತು."

"ಯಾರದು?"

"ನಂದು," ಅಂದ ಚಂದ್ರಹಾಸ. "ಇದು ಪೂರ್ತಿ ನಂದೇ."