ಬಟಾಣಿ ಚೀಲದ ಬೇಸಗೆ

ಜಾಹೀರಾತಿನಲ್ಲಿ ‘ಬಾಡಿಗೆಯಲ್ಲೇ ಹೀಟಿಂಗ್ ಸೇರಿದೆ’ ಎಂದಿತ್ತು. ಆ ಒಂದು ಸಾಲನ್ನು ನಂಬಿ, ಚಳಿದೇಶಕ್ಕೆ ಓದಲು ಬಂದ ಅವಳು ಒಳ್ಳೊಳ್ಳೆಯ ಕೋಣೆಗಳನ್ನೆಲ್ಲ ಬಿಟ್ಟು, ಕಾಲೇಜಿಗೆ ಎರಡು ಬಸ್ಸು ದೂರದ ಈ ಹಳೆಯ ಮನೆಗೆ ಬಂದಿದ್ದಳು. ಸೇರಿದ್ದೇನೋ ನಿಜ; ಎಷ್ಟು ಸೇರಿದೆ ಎಂದು ಯಾರೂ ಬರೆದಿರಲಿಲ್ಲ. ಮನೆಯ ಬಿಸಿ ಎಷ್ಟಿರಬೇಕೆಂದು ನಿರ್ಧರಿಸುವ ಹಜಾರದ ಗೋಡೆಯ ಥರ್ಮೋಸ್ಟಾಟಿಗೆ ಮನೆಯೊಡತಿ ಪ್ಲಾಸ್ಟಿಕ್ ಪೆಟ್ಟಿಗೆ ತೊಡಿಸಿ ಬೀಗ ಜಡಿದಿದ್ದಳು. ಒಳಗಿನ ಮುಳ್ಳು ಮನುಷ್ಯ ಸಾಯದಷ್ಟು ಬೆಚ್ಚಗೆ, ಬದುಕದಷ್ಟು ತಣ್ಣಗೆ ನಿಂತಿತ್ತು. ಪಕ್ಕದ ಕೋಣೆಯ ಸೀನಿಯರ್ ಹುಡುಗಿ ಒಡತಿಗೆ ತಣ್ಣಮ್ಮ ಎಂದು ಹೆಸರಿಟ್ಟಿದ್ದಳು.

ಕಾಲೇಜಿಗೆ ದೂರು ಕೊಟ್ಟದ್ದಾಯಿತು. ವಿದೇಶಿ ವಿದ್ಯಾರ್ಥಿಗಳ ಸಲಹೆಗಾರ ತನ್ನ ಬೆಚ್ಚನೆಯ ಕಚೇರಿಯಲ್ಲಿ ಅಂಗಿಯ ತೋಳು ಮಡಚಿಕೊಂಡು ಕೂತು, ಖರ್ಚು ತೂಗಿಸುವ ವಿದ್ಯೆ ಬೋಧಿಸಿದ. ಕಾಫಿ ಮನೆಯಲ್ಲೇ ಮಾಡಿಕೊಳ್ಳಿ. ಹಳೆಯ ಪುಸ್ತಕ ಕೊಳ್ಳಿ. ಚಳಿಯಾದರೆ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ. ಆ ದೇಶದ ಮಕ್ಕಳಿಗಿಂತ ಮೂರು ಪಟ್ಟು ಫೀಸು ಹೀರುವ ಸಂಸ್ಥೆ ಇವಳಿಗೆ ಮಿತವ್ಯಯ ಕಲಿಸುವುದೆಂದರೆ, ಜಿಗಣೆ ರಕ್ತದಾನದ ಶಿಬಿರ ನಡೆಸಿದ ಹಾಗೆ.

ಬೇರೆ ಮನೆ ಹಿಡಿಯಲು ಹೊಸ ಮುಂಗಡ ಬೇಕು. ಹಳೆಯದು ತಣ್ಣಮ್ಮನ ಹೊಟ್ಟೆಯಲ್ಲಿದೆ. ಸ್ವಂತ ಹೀಟರ್ ತಂದರೆ ಒಪ್ಪಂದ ಮುರಿದಂತೆ. ಬೆಚ್ಚಗಾಗಲು ಏನೇ ಕಿತಾಪತಿ ಮಾಡಿದರೂ ಮುಂಗಡ ಮುಟ್ಟುಗೋಲು, ವಾರದೊಳಗೆ ಗಂಟುಮೂಟೆ. ವಿಳಾಸವಿಲ್ಲದ ವಿದೇಶಿಯನ್ನು ಕಾಲೇಜು ಇಟ್ಟುಕೊಳ್ಳುವುದಿಲ್ಲ. ಕಾಲೇಜು ಬಿಟ್ಟವಳನ್ನು ದೇಶ ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಬಿಸಿಯನ್ನು ಕದಿಯುವುದೇ ಸರಿ ಎಂದು ಅವಳು ತೀರ್ಮಾನಿಸಿದಳು. ಕದಿಯುವುದು ಎಂಬ ಮಾತೂ ತಪ್ಪು. ದುಡ್ಡು ಕೊಟ್ಟ ಮಾಲನ್ನು ಅಂಗಡಿಯವಳು ಕೊಡದಿದ್ದರೆ, ಗಿರಾಕಿ ತಾನೇ ಎತ್ತಿಕೊಳ್ಳುವುದು.

ಪೆಟ್ಟಿಗೆಯಲ್ಲಿ ಗಾಳಿಯಾಡಲು ಸೀಳುಗಳಿದ್ದವು. ಬೀಗ ಹಾಕಿದವಳಿಗೆ ಅವು ಗಾಳಿಗಂಡಿ, ಇವಳಿಗೆ ಹೆಬ್ಬಾಗಿಲು. ಥರ್ಮೋಸ್ಟಾಟ್ ಎಂಬುದು ಮಹಾ ಪೆದ್ದು ಯಂತ್ರ. ತನ್ನ ಮೂಗಿನ ತುದಿಯ ಚಳಿಯೇ ಲೋಕದ ಚಳಿ ಎಂದು ನಂಬುತ್ತದೆ. ಆ ಮೂಗಿನೆದುರಿನ ಸೀಳಿಗೆ ಫ್ರೀಜರಿನಲ್ಲಿಟ್ಟ ಬಟಾಣಿಯ ಚೀಲ ಒರಗಿಸಿದರೆ ಸಾಕು, ಮನೆಯೇ ಹೆಪ್ಪುಗಟ್ಟಿತೆಂದು ಹೆದರಿ ನೆಲಮಾಳಿಗೆಯ ಬಾಯ್ಲರನ್ನು ಬಡಿದೆಬ್ಬಿಸುತ್ತದೆ. ಮುಳ್ಳು ಇದ್ದಲ್ಲೇ, ಬೀಗ ಹಾಕಿದ್ದಲ್ಲೇ.

ಪೆಟ್ಟಿಗೆಯ ಮೇಲುಗಡೆಯೇ ಇದ್ದ ಕ್ಯಾಲೆಂಡರಿನ ಮೊಳೆಗೆ ಚೀಲ ನೇತುಬಿದ್ದಿತು. ಒಂದು ಕರಗುವಷ್ಟರಲ್ಲಿ ಇನ್ನೊಂದು ಫ್ರೀಜರಿನಲ್ಲಿ ತಯಾರು. ತೊಟ್ಟಿಕ್ಕುವ ನೀರಿಗೆ ಹಳೆಯ ಕಾಲುಚೀಲ. ತಣ್ಣಮ್ಮ ಇದ್ದದ್ದು ಎದುರು ಮನೆಯಲ್ಲಿ. ತಪಾಸಣೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಶನಿವಾರ ಸಂಜೆಯೇ ಬಟಾಣಿಗೆ ರಜೆ ಕೊಟ್ಟು, ಕಿಟಕಿಗಳನ್ನು ತೆರೆದು, ಮನೆಯನ್ನು ಮತ್ತೆ ಹಳೆಯ ನರಕಕ್ಕೆ ಇಳಿಸುವುದು. ಗ್ಯಾಸಿನ ಬಿಲ್ಲು ಬರುವುದು ಚಳಿಗಾಲ ಮುಗಿದ ಮೇಲೆ. ಅಷ್ಟರಲ್ಲಿ ಇವಳ ಓದು ಮುಗಿದು, ಮುಂಗಡ ವಾಪಸಾಗಿ, ಹಕ್ಕಿ ಹಾರಿರುತ್ತದೆ. ಎದುರು ಕಿಟಕಿಯಿಂದ ಏನು ಕಾಣುತ್ತದೆ ಎಂಬುದನ್ನೂ ಯೋಚಿಸಿದ್ದಳು. ಒಳಗೆ ತೆಳು ಅಂಗಿಯಲ್ಲಿ ಓಡಾಡುವವಳು ಪರದೆ ಸರಿಸಬೇಕಾದರೆ ಕೋಟು ತೊಟ್ಟು, ಕೈ ಉಜ್ಜಿಕೊಂಡು, ಒಮ್ಮೆ ನಡುಗಿ ಬರುತ್ತಿದ್ದಳು.

“ಏನೇ, ಬಟಾಣಿಗೆ ತೊಟ್ಟಿಲು ಕಟ್ಟಿದ್ದೀಯಾ?” ಎಂದಳು ಸೀನಿಯರ್ ಮೊದಲ ದಿನ.

“ನಿಮ್ಮ ಕಾಲು ಬೆಚ್ಚಗಿದೆಯೋ ಇಲ್ವೋ ಅದು ಹೇಳಿ ಅಕ್ಕ.”

“ಬೆಚ್ಚಗಿದೆ. ಎದೆ ಮಾತ್ರ ಭಯಕ್ಕೆ ತಣ್ಣಗಾಗ್ತಿದೆ. ಸಿಕ್ಕಿಹಾಕ್ಕೊಂಡ್ರೆ ಇಬ್ರೂ ಬೀದಿಪಾಲು.”

“ಬೀದೀಲೂ ಚಳಿ, ಇಲ್ಲೂ ಚಳಿ. ವ್ಯತ್ಯಾಸ ಏನಿತ್ತು?”

“ಬೀದಿಗೆ ಬಾಡಿಗೆ ಇಲ್ಲ ಕಣೇ,” ಎಂದು ಸೀನಿಯರ್ ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆಸೆದಳು. ಅಲ್ಲಿಗೆ ಒಬ್ಬಳಿದ್ದ ಕಳ್ಳಿ ಇಬ್ಬರಾದರು.

ಭಾನುವಾರ ಬಂದ ತಣ್ಣಮ್ಮ ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡಿದಳು. ಕೋಣೆ ಕಾಯಿಸುವ ರೇಡಿಯೇಟರ್ ಮುಟ್ಟಿ, ಅದು ಹೆಣದಷ್ಟು ತಣ್ಣಗಿದ್ದುದಕ್ಕೆ ಸಂತೋಷಪಟ್ಟಳು.

“ಚಳಿ ಒಳ್ಳೆಯದು,” ಎಂದಳು. “ಓದೋರಿಗೆ ನಿದ್ದೆ ಬರಲ್ಲ.”

“ಹೌದು ಮೇಡಂ, ಈಗೀಗ ನನ್ನ ತಲೆ ಬಹಳ ಚುರುಕಾಗಿದೆ,” ಎಂದಳು ಇವಳು, ಹಲ್ಲು ಕಟಕಟಿಸುತ್ತ.

ಅದು ಸುಳ್ಳೂ ಅಲ್ಲ. ವಾರಗಳು ಉರುಳಿದಂತೆ ಅವಳಿಗೆ ತನ್ನ ಬುದ್ಧಿಯ ಮೇಲೆ ಪ್ರೀತಿ ಹೆಚ್ಚಿತು. ಬೀದಿಯೆಲ್ಲ ಒಣ ಚಳಿಗೆ ಮುದುಡಿದಾಗ ಅವಳು ಬರಿಗಾಲಲ್ಲಿ ಓದುತ್ತ, ಕುಂಡದಲ್ಲೊಂದು ಕೊತ್ತಂಬರಿಯನ್ನೂ ಚಿಗುರಿಸಿದಳು. ಬೀಗಕ್ಕೆ ಬೀಗ ಉತ್ತರವಲ್ಲ, ಬಟಾಣಿ ಉತ್ತರ ಎಂದು ಸೀನಿಯರ್‌ಗೆ ಪಾಠ ಹೇಳಿದಳು. ಮನೆಯ ಒಳಗಿನ ಒಂದೊಂದು ಸಾಕ್ಷಿಯನ್ನೂ ಅವಳು ಒರೆಸಿಟ್ಟಿದ್ದಳು.

ಒಂದು ಬುಧವಾರ ಬೆಳಗ್ಗೆ ಎದ್ದಾಗ ಹೊರಗೆ ಹಿಮ ಬಿದ್ದಿತ್ತು. ಹುಟ್ಟಿದಾಗಿನಿಂದ ಅವಳು ಕಂಡ ಮೊದಲ ಹಿಮ. ಮೊಳೆಗೆ ಹೊಸ ಚೀಲ ಸಿಕ್ಕಿಸಿ, ಕೋಟು ತೊಟ್ಟು, ಅಮ್ಮನಿಗೆ ವಿಡಿಯೋ ಕರೆ ಮಾಡುತ್ತ ಬೀದಿಗೆ ಓಡಿದಳು. ಎದುರು ಗೇಟಿನಲ್ಲಿ ತಣ್ಣಮ್ಮ ಸಲಿಕೆಯಿಂದ ಹಿಮ ಬಾಚುತ್ತಿದ್ದಳು. ಇವಳು ಫೋನನ್ನು ಬೀದಿಯುದ್ದಕ್ಕೂ ನಿಧಾನವಾಗಿ ಆಡಿಸಿದಳು. “ಅಬ್ಬಾ, ಮನೆಗಳಿಗೆಲ್ಲ ಸಕ್ಕರೆ ಸುರಿದ ಹಾಗಿದೆ ಪುಟ್ಟಿ,” ಎಂದರು ಅಮ್ಮ. “ಎಲ್ಲರ ಸೂರೂ ಬೆಳ್ಳಗಿದೆ. ನಿಮ್ಮದೊಂದೇ ಯಾಕೆ ಕರ್ರಗಿದೆ? ಅಲ್ಲಿ ಬೀಳಲಿಲ್ವಾ?” ಅವಳು ತಲೆಯೆತ್ತಿದಳು. ಸಾಲುಮನೆಗಳ ಬಿಳಿ ಮಾಡುಗಳ ನಡುವೆ ಅವಳ ಮನೆಯ ಹೆಂಚು ಬತ್ತಲಾಗಿ, ತೊಳೆದಂತೆ ಹೊಳೆಯುತ್ತ, ಸಣ್ಣಗೆ ಹಬೆಯಾಡುತ್ತಿತ್ತು. ಒಳಗೆ ಕದ್ದ ಬಿಸಿಯೆಲ್ಲ ಮೇಲೇರಿ ಬಿದ್ದ ಹಿಮವನ್ನೆಲ್ಲ ಕರಗಿಸಿ, ಸೂರಿನಂಚಿನಿಂದ ಧಾರೆಯಾಗಿ ಇಳಿಸುತ್ತಿತ್ತು. ಬೆನ್ನ ಹಿಂದೆ ಸಲಿಕೆಯ ಸದ್ದು ನಿಂತಿತು; ಅವಳು ಫೋನಿನ ಸಮೇತ ತಿರುಗಿದಳು. ತಣ್ಣಮ್ಮನೂ ಅದೇ ಸೂರನ್ನು ನೋಡುತ್ತಿದ್ದಳು. ನೋಡಿ ಮುಗಿಸಿ, ಸಲಿಕೆಯನ್ನು ಹಿಮಕ್ಕೆ ಚುಚ್ಚಿ, ರಸ್ತೆ ದಾಟತೊಡಗಿದಳು. “ಯಾರೇ ಅದು, ನಿಮ್ಮ ಓನರಾ?” ಎಂದರು ಅಮ್ಮ ಫೋನಿನೊಳಗಿಂದ. “ನಮ್ಮ ಮಗೂನ ಬೆಚ್ಚಗೆ ನೋಡ್ಕೋತಿದ್ದಾರೆ, ಪುಣ್ಯಾತ್ಗಿತ್ತಿ. ಕೊಡು ಇಲ್ಲಿ, ಎರಡು ಮಾತಾಡ್ತೀನಿ.”