ಕೆಂಪು ಹಾಳೆ, ನೀಲಿ ಹಾಳೆ

ಚೂರಿ ನೀಲಿಯ ಕೈಯಲ್ಲಿತ್ತು. ಕೆಂಪ ನೆಲದ ಮೇಲೆ ಬೋರಲು ಬಿದ್ದಿದ್ದ. ಅವನ ಅಂಗಿಯ ಬೆನ್ನು, ಎರಡು ಹೆಗಲಮೂಳೆಗಳ ನಡುವೆ ಕೊಂಚ ಎಡಕ್ಕೆ, ರಕ್ತದಿಂದ ಒದ್ದೆಯಾಗಿತ್ತು. ಮುಂದಿನ ಕೋಣೆಯಿಂದ ಓಡಿಬಂದ ಯಜಮಾನರು ಕಂಡದ್ದು ಇಷ್ಟೇ. ಇಷ್ಟೇ ಸಾಕಾಯಿತು.

"ಮಾವ, ಇವಳೇ..." ಎಂದು ನರಳಿದ ಕೆಂಪ. "ಎಡಗಾಲು... ಎಡಗಾಲು ಬರ್ತಾ ಇಲ್ಲ ಮಾವ."

ವೈದ್ಯ ಕಾಲೇಜುಗಳಿಗೆ ಗೋಡೆಚಿತ್ರ ತಯಾರಿಸುವ ಜಾಗ ಅದು. ಎರಡು ಕೋಣೆ, ಒಂದು ಹಿತ್ತಲು. ಬೆನ್ನುಹುರಿಯನ್ನೂ ಅದರಿಂದ ಹೊರಡುವ ನರಗಳನ್ನೂ ಇಲ್ಲಿ ಈಗಲೂ ಕೈಯಲ್ಲೇ ಬರೆಯುತ್ತಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ತೆಳು ಹಾಳೆ. ಎಲ್ಲವೂ ಒಂದರ ಮೇಲೊಂದು ಕೂಡುವುದು ಅಚ್ಚಿನಲ್ಲಿ ಮಾತ್ರ. ಯಜಮಾನರ ಸೋದರಳಿಯ ಇಪ್ಪತ್ತು ವರ್ಷದಿಂದ ಕೆಂಪು ಹಾಳೆ ಬರೆಯುತ್ತಿದ್ದ. ಅದರಲ್ಲಿ ಬರುವುದು ಸ್ನಾಯುಗಳನ್ನು ಆಡಿಸುವ ಚಾಲಕ ನರಗಳು. ಯಜಮಾನರ ಮಗಳದು ನೀಲಿ ಹಾಳೆ: ನೋವು, ಬಿಸಿ, ತಂಪಿನ ಸುದ್ದಿ ಮೇಲಕ್ಕೆ ಒಯ್ಯುವ ನರಗಳು. ಹೀಗೆ ಅವನು ಕೆಂಪನಾದ, ಅವಳು ನೀಲಿಯಾದಳು. ಹೆತ್ತವರು ಇಟ್ಟ ಹೆಸರು ಕಾಗದಪತ್ರಕ್ಕೆ ಮಾತ್ರ.

*

ಇನ್ಸ್‌ಪೆಕ್ಟರಮ್ಮ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಮಾತು ಕಡಿಮೆ, ಕಣ್ಣು ಜಾಸ್ತಿ ಇದ್ದ ಹೆಂಗಸು. ಕೆಂಪನನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು.

"ಚೂರಿ ಯಾಕೆ ಎತ್ತಿದ್ರಿ?"

"ನನ್ನ ಹಾಳೆ ಮೇಲೆ ಬಿದ್ದಿತ್ತು ಮೇಡಂ. ಮೂರು ತಿಂಗಳ ಕೆಲಸ. ಕಲೆ ಆಗುತ್ತೆ ಅಂತ ಎತ್ತಿಬಿಟ್ಟೆ."

"ಮನುಷ್ಯ ಬಿದ್ದಿರುವಾಗ ಹಾಳೆ ನೋಡ್ಕೊಂಡ್ರಾ?"

ನೀಲಿ ತಲೆ ತಗ್ಗಿಸಿದಳು. "ಕೈ ತಾನಾಗೇ ಹೋಯ್ತು. ನಾನು ಹಿತ್ತಲಲ್ಲಿ ಕುಂಚ ತೊಳೀತಿದ್ದೆ. ಭಾವ ಕೂಗಿದ್ದು ಕೇಳಿ ಒಳಗೆ ಬಂದೆ."

ಈ ಉತ್ತರ ಯಾರಿಗೂ ಹಿಡಿಸಲಿಲ್ಲ. ಪೇದೆಯಂತೂ ಚಪ್ಪರಿಸಿಕೊಂಡು ಬರೆದುಕೊಂಡ. ಅದರ ಮೇಲೆ ಪಕ್ಕದ ಅಚ್ಚುಮನೆಯವನ ಸಾಕ್ಷಿ ಬೇರೆ. ಬೆಳಿಗ್ಗೆ ಅವಳು "ನಿಮ್ಮ ಕೈ ಕಟ್ಟಿಹಾಕ್ಬೇಕು ಭಾವ!" ಎಂದು ಕೂಗಾಡಿದ್ದಳಂತೆ.

"ಹುರಿಯ ಮುಂಬದಿಯ ನರದ ಬೇರನ್ನ ಒಂದು ಮೂಳೆ ಮೇಲಕ್ಕೆ ಬರೆದಿದ್ರು," ಎಂದಳು ನೀಲಿ. "ಆಡಿಸೋ ನರ ಹುರಿಯಿಂದ ಹೊರಡೋದೇ ಆ ಮುಂಬದಿ ಬೇರಿಂದ. ಅದನ್ನೇ ತಪ್ಪು ಬರೆದ್ರೆ ಕೋಪ ಬರಲ್ವಾ? ಮುಂದಿನ ವಾರದಿಂದ ಎಲ್ಲಾ ಹಾಳೆ ನಾನೇ ತಿದ್ದಬೇಕು ಅಂತ ಅಪ್ಪ ಹೇಳಿದ್ದಾರೆ."

ಇನ್ಸ್‌ಪೆಕ್ಟರಮ್ಮ ಚೂರಿಯನ್ನು ತಿರುಗಿಸಿ ನೋಡಿದರು. ಮರದ ಹಿಡಿಯ ಎರಡೂ ಬದಿಗೆ ಹಲ್ಲು ಕಚ್ಚಿದಂಥ ಹೊಸ ಗುರುತು. ಮೇಜಿನ ಅಂಚಿನಲ್ಲಿ ಚೌಕಟ್ಟು ಬಿಗಿದು ಹಿಡಿಯುವ ಕಬ್ಬಿಣದ ವೈಸ್ ಇತ್ತು. ಅದರ ದವಡೆಯಲ್ಲೂ ಅಂಥದೇ ಹಲ್ಲು. ಅವರು ಚೂರಿಯನ್ನು ಚೀಲಕ್ಕೆ ಹಾಕಿಸಿದರು.

ಐದು ಗಂಟೆಗೆ ನೀಲಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಕೊಲೆಯತ್ನ ಎಂದರೆ ನೇರ ಜೈಲು. ಯಜಮಾನರು ಬಾಗಿಲ ಬಳಿ ಕುಸಿದು ಕೂತಿದ್ದರು. ಒಂದು ಕಡೆ ಹೆತ್ತ ಮಗಳು, ಇನ್ನೊಂದು ಕಡೆ ಸಾಕಿದ ಅಳಿಯ. ಆ ಮುದುಕರ ಮುಖ ನೋಡಲಾಗುತ್ತಿರಲಿಲ್ಲ.

*

ಠಾಣೆಯಲ್ಲಿ ನೀಲಿ ಇನ್ಸ್‌ಪೆಕ್ಟರಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಇದು. "ಭಾವ ಹೇಗಿದ್ದಾರೆ?"

"ಎಡಗಾಲು ಆಡಲ್ಲ. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ."

"ಯಾವ ಕಾಲಿಗೆ ಚುಚ್ಚಿದ್ರೆ?"

"ಅದೇ, ಎಡಗಾಲಿಗೆ."

"ಬಲಗಾಲಿಗೆ?"

"ಅದು ಸರಿಯಾಗೇ ಇದೆ."

ನೀಲಿ ಮೇಜಿನತ್ತ ಜರುಗಿದಳು. ಆಮೇಲೆ ಲೋಟದ ನೀರಲ್ಲಿ ಬೆರಳದ್ದಿ ಮೇಜಿನ ಮೇಲೆ ಎರಡು ಗೆರೆ ಎಳೆದಳು. ಒಂದು ನೇರ, ಇನ್ನೊಂದು ಅಡ್ಡ ದಾಟಿ ಮೇಲೆ ಹೋಯಿತು.

"ನಾನು ಹೇಳಿದ್ರೆ ನಂಬಬೇಡಿ ಮೇಡಂ. ಡಾಕ್ಟ್ರನ್ನ ಕೇಳಿ," ಎಂದಳು.

*

ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ಕೆಟ್ಟು ಕೂತಿತ್ತು. ನರವೈದ್ಯರು ಆಗಷ್ಟೇ ಶಸ್ತ್ರಚಿಕಿತ್ಸೆ ಮುಗಿಸಿ ಬಂದಿದ್ದರು. ಇನ್ಸ್‌ಪೆಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ, ನೇರ ವಾರ್ಡಿಗೆ ನಡೆದರು. ಯಜಮಾನರೂ ಹಿಂದೆ ಬಂದರು.

ಕೆಂಪನ ಕಣ್ಣು ಮುಚ್ಚಿಸಿ ಎಡಗಾಲಿಗೆ ಸೂಜಿ ಮುಟ್ಟಿಸಿದರು. "ಗೊತ್ತಾಗ್ತಿದೆಯಾ?"

"ಇಲ್ಲ ಡಾಕ್ಟ್ರೇ."

ಬಲಗಾಲಿಗೆ ಚುಚ್ಚಿದರು.

"ಅಯ್ಯೋ!"

"ಸರಿ. ಈಗ ಬಲಗಾಲು ಮೇಲೆತ್ತಿ. ಜೋರಾಗಿ." ವೈದ್ಯರ ಒಂದು ಅಂಗೈ ಕೆಂಪನ ಎಡ ಹಿಮ್ಮಡಿಯ ಕೆಳಗಿತ್ತು. ಬಲಗಾಲು ಎದ್ದಿತು. ವೈದ್ಯರು ನಕ್ಕರು. "ನಿಮ್ಮ ಸತ್ತ ಕಾಲು ನನ್ನ ಕೈನ ಹಾಸಿಗೆಗೆ ಒತ್ತಿಬಿಡ್ತಲ್ಲಪ್ಪ. ಒಂದು ಕಾಲು ಎತ್ತೋವಾಗ ಇನ್ನೊಂದು ತಾನಾಗೇ ಊರಿಕೊಳ್ಳುತ್ತೆ. ಅದನ್ನ ತಡೆಯೋಕೆ ನಿಮಗೆ ನೆನಪಾಗಲಿಲ್ಲ."

ಕೆಂಪ ಕಣ್ಣು ತೆರೆದ.

"ಸೂಜಿಯ ವಿಷಯ ಬಿಡಿಸಿ ಹೇಳಿ ಡಾಕ್ಟ್ರೇ," ಎಂದರು ಇನ್ಸ್‌ಪೆಕ್ಟರಮ್ಮ.

"ಬೆನ್ನುಹುರಿ ಪೂರ್ತಿ ತುಂಡಾದ್ರೆ ಎರಡು ಕಾಲೂ ಹೋಗುತ್ತೆ. ಎಡ ಅರ್ಧ ಮಾತ್ರ ತುಂಡಾದ್ರೆ ಎಡಗಾಲಿನ ಚಲನೆ ಹೋಗುತ್ತೆ. ಆಡಿಸೋ ನರಗಳ ದಾರಿ ಬೆನ್ನಲ್ಲಿ ಅದೇ ಬದಿಗೆ ಇಳಿಯುತ್ತೆ. ಇಲ್ಲಿವರೆಗೆ ಇವರ ಲೆಕ್ಕ ಸರಿ. ಆದರೆ ನೋವಿನ ದಾರಿ ಹುರಿಗೆ ಬರ್ತಿದ್ದ ಹಾಗೇ ಆಚೆ ಬದಿಗೆ ದಾಟಿ ಮೇಲೆ ಹೋಗುತ್ತೆ. ಎಡ ಅರ್ಧ ಕತ್ತರಿಸಿದ್ರೆ ಚುಚ್ಚು ಗೊತ್ತಾಗದೆ ಇರೋದು ಬಲಗಾಲಿಗೆ. ಇವರು ಬಲಗಾಲಿಗೆ ಅಯ್ಯೋ ಅಂದ್ರು. ಗಾಯ ಚರ್ಮ, ಮಾಂಸ ದಾಟಿ ಒಳಗೆ ಹೋಗೇ ಇಲ್ಲ."

ಇನ್ಸ್‌ಪೆಕ್ಟರಮ್ಮ ಮಂಚದ ಬಳಿ ಬಂದರು. "ನೀಲಿ ಕುಂಚ ತೊಳೆಯೋಕೆ ಹೋದಳು. ನೀವು ಚೂರಿಯನ್ನ ವೈಸ್‌ಗೆ ಬಿಗಿದು ಬೆನ್ನು ಒತ್ತಿದ್ರಿ. ಬಿಚ್ಚಿ ಅವಳ ಹಾಳೆ ಮೇಲೆ ಹಾಕಿದ್ರಿ. ಹಾಳೆ ಮೇಲೆ ಏನು ಬಿದ್ರೂ ಅವಳು ಎತ್ತುತ್ತಾಳೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರು? ಹಿಡಿ ಮೇಲಿನ ಗುರುತು, ವೈಸ್‌ನ ಹಲ್ಲು, ಎರಡೂ ಒಂದಕ್ಕೊಂದು ಕೂರುತ್ತವೆ. ಅಳತೆ ತೆಗೆಸಿ ಬಂದಿದ್ದೀನಿ."

ಕೆಂಪ ಮೊಣಕೈ ಊರಿ ತಲೆ ಎತ್ತಿದ. "ನಾನು ಬರೆದ ಗೆರೆಗೆ ಅವಳು ಸರಿ ತಪ್ಪು ಹಾಕೋದಾ? ಅವಳಿಗೆ ಕುಂಚ ಹಿಡಿಯೋದು ಕಲಿಸಿದ್ದೇ ನಾನು."

"ಅಚ್ಚಾದ ಚಿತ್ರ ನಮ್ಮ ಗೋಡೆ ಮೇಲೇ ಇದೆಯಲ್ಲೋ," ಎಂದರು ಯಜಮಾನರು. "ನೀಲಿ ಗೆರೆ ಆಚೆ ಬದಿಗೆ ದಾಟೋದು ಅದರಲ್ಲಿ ಎದ್ದು ಕಾಣುತ್ತೆ. ಒಂದು ದಿನವೂ ನೋಡ್ಲಿಲ್ವಾ?"

"ನನ್ನ ಕೆಂಪು ಸರಿಯಾಗಿ ಬಿದ್ದಿದೆಯಾ ಅಂತ ನೋಡ್ತಿದ್ದೆ ಮಾವ. ಅಷ್ಟೇ."

ಯಜಮಾನರು ಮುಖ ತಿರುಗಿಸಿಕೊಂಡು ಹೊರಗೆ ಹೋದರು.

*

ನಾಲ್ಕೂವರೆಗೆ ಇನ್ಸ್‌ಪೆಕ್ಟರಮ್ಮ ಠಾಣೆಯ ಕೋಣೆಯ ಬೀಗ ತೆಗೆಸಿದರು. ನೀಲಿ ಎದ್ದು ನಿಂತಳು.

"ಭಾವನ ಕಾಲು?"

"ಎರಡೂ ಗಟ್ಟಿಯಾಗಿವೆ."

ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದವಳು ಈಗ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಬಿಡುಗಡೆಯಾಯಿತೆಂದು ಅತ್ತಳೋ, ಕಲಿಸಿದ ಭಾವನೇ ಹೀಗೆ ಮಾಡಿದನೆಂದು ಅತ್ತಳೋ, ಬಹುಶಃ ಎರಡಕ್ಕೂ ಇರಬೇಕು. ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ ನೀರಿನ ಲೋಟ ಇಟ್ಟರು.

"ಏಳಮ್ಮ," ಎಂದರು ಆಮೇಲೆ. "ಹೊರಗೆ ಅಪ್ಪ ಕಾಯ್ತಿದ್ದಾರೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನಿಮ್ಮ ಭಾವ ಇಲ್ಲಿಗೆ ನಡ್ಕೊಂಡೇ ಬರ್ತಾರೆ. ಈ ಕೋಣೆ ಅವರಿಗೆ ಬೇಕು."